ಗಂಟಲಕ್ಕ ವಿರಹಿಣಿಯಾದದ್ದು

ಕುದುರೆಗಾಡಿಗಳ ಕಾಲದ ಮಾತು. ಬಟ್ಟೆ ಒಗೆದು ಇಸ್ತ್ರಿ ಮಾಡಿ ಮನೆಮನೆಗೆ ಮುಟ್ಟಿಸುತ್ತಿದ್ದ ಹೆಂಗಸೊಬ್ಬಳನ್ನು ಬೀದಿಯವರೆಲ್ಲ ಗಂಟಲಕ್ಕ ಎನ್ನುತ್ತಿದ್ದರು. ಅವಳು ಹಿತ್ತಲಲ್ಲಿ ನಿಂತು ಗುಟ್ಟು ಹೇಳಿದರೆ ಬೀದಿಯ ಕೊನೆಯ ಬೇಕರಿಯವನು "ಹೌದಾ?" ಎಂದು ಕೇಳುತ್ತಿದ್ದ. ಮೈಕೈ ತುಂಬಿದ ಗಟ್ಟಿ ಜೀವ, ಸೋಪಿನ ನೀರಿಗೆ ಸುಲಿದ ಕೈ. ಗಂಡ ಗಾಡಿ ಓಡಿಸುತ್ತಿದ್ದ. ಮನೆಯಲ್ಲಿ ಅತ್ತೆಯದೇ ದರಬಾರು.

ಒಂದು ಬೆಳಗ್ಗೆ ಅವಳು ಚಿತ್ರಕಾರರೊಬ್ಬರ ಮನೆಗೆ ಬಟ್ಟೆ ಕೊಡಲು ಹೋದಾಗ ಅವರು ತಲೆಯ ಮೇಲೆ ಕೈ ಹೊತ್ತು ಕೂತಿದ್ದರು. ಅಕಾಡೆಮಿಯ ಪದಕ ಪಡೆದ ದೊಡ್ಡ ಮನುಷ್ಯ. ಆ ವರ್ಷದ ಪ್ರದರ್ಶನಕ್ಕೆ 'ಹೊಳೆದಡದ ವಿರಹಿಣಿ' ಎಂಬ ಚಿತ್ರ ಬರೆಯಲು ಹೊರಟಿದ್ದರು. ಎದುರಿಗೆ ಕೂರಬೇಕಿದ್ದ ಹುಡುಗಿ ಹಿಂದಿನ ದಿನವೇ ಪ್ರಿಯಕರನೊಂದಿಗೆ ಓಡಿಹೋಗಿ, ವಿರಹಕ್ಕೆ ಜಾಗವೇ ಇಲ್ಲದಂತೆ ಮಾಡಿದ್ದಳು.

"ನೀನೇ ಸ್ವಲ್ಪ ಕೂತ್ಕೋತೀಯಾ?" ಎಂದರು.

"ಅಯ್ಯೋ, ಮದುವೆಯಾದಾಗಿಂದ ನನಗೆ ಕೂತ್ಕೋ ಅಂದೋರು ನೀವೇ ಮೊದಲು ಸ್ವಾಮಿ."

"ಆದರೆ ಮಾತಾಡೋ ಹಾಗಿಲ್ಲ."

ಕಷ್ಟ ಶುರುವಾದದ್ದೇ ಅಲ್ಲಿ. ಕೆನ್ನೆಗೆ ಕೈಯಿಟ್ಟು ಕೂತವಳಿಗೆ ಹೇಳಬೇಕೆನ್ನಿಸಿದ ಮಾತೆಲ್ಲ ಗಂಟಲಿಗೆ ಬಂದು ನಿಂತಿತು. ತುಟಿ ನಡುಗಿತು, ಎದೆ ಉಬ್ಬಿ ಇಳಿಯಿತು, ಕಣ್ಣಲ್ಲಿ ನೀರಾಡಿತು. ಚಿತ್ರಕಾರರು ಮೈಮರೆತು, "ಎಂಥ ವೇದನೆ!" ಎನ್ನುತ್ತ ಕುಂಚ ಆಡಿಸಿದರು. ಆ ವಾರವೆಲ್ಲ ಅವಳು ಅಲ್ಲಿಂದ ಹೊರಬಿದ್ದ ಕೂಡಲೇ ಎದುರು ಸಿಕ್ಕವರನ್ನು ನಿಲ್ಲಿಸಿ ಬಾಕಿ ಮಾತು ಆಡಿ ಮುಗಿಸುತ್ತಿದ್ದಳು.

ಪ್ರದರ್ಶನಕ್ಕೆ ಪುಕ್ಕಟೆ ಪ್ರವೇಶವಿದ್ದ ದಿನ ಮನೆಮಂದಿಯೆಲ್ಲ ಹೋದರು. ಚಿನ್ನದ ಬಣ್ಣದ ಚೌಕಟ್ಟಿನೊಳಗೆ ಹಿಡಿ ಸೊಂಟದ ಹುಡುಗಿಯೊಬ್ಬಳು ಮೊಣಕಾಲವರೆಗೆ ಕೂದಲು ಇಳಿಬಿಟ್ಟು ಹೊಳೆಯತ್ತ ನೋಡುತ್ತಿದ್ದಳು. ಬೆಣ್ಣೆಯಂಥ ಕೈ. ಗಂಡ ಟೋಪಿ ತೆಗೆದು ನಿಂತುಬಿಟ್ಟ.

"ಪಾಪ, ಯಾರೇ ಇವಳು? ದಿಕ್ಕಿಲ್ಲದೋಳ ಹಾಗಿದಾಳೆ."

"ನಾನೇ ಕಣ್ರೀ."

ಅವನು ಎಷ್ಟು ಜೋರಾಗಿ ನಕ್ಕನೆಂದರೆ ಕಾವಲುಗಾರ ಬಂದು ಗದರಿದ. ಅತ್ತೆ ಮಾತ್ರ ಹತ್ತಿರ ಹೋಗಿ ಕಣ್ಣು ಕಿರಿದು ಮಾಡಿ ನೋಡಿದಳು.

"ಇವಳೇ ಕಣೋ. ಕಿವಿ ನೋಡು. ಇಷ್ಟು ವರ್ಷ ನನ್ನ ಒಂದು ಮಾತೂ ಒಳಗೆ ಬಿಟ್ಕೊಳ್ಳದ ಕಿವಿ, ನನಗೆ ಗುರುತು ಸಿಗಲ್ವಾ?"

ಚಿತ್ರವನ್ನು ಹೆಂಡತಿ ತೀರಿಹೋಗಿದ್ದ ಗಿರಣಿ ಮಾಲೀಕರೊಬ್ಬರು ಕೊಂಡರು. ಕೊಂಡು ಸುಮ್ಮನಿರಲಿಲ್ಲ, ಅನ್ನ ನಿದ್ದೆ ಬಿಟ್ಟರು. ಕೊನೆಗೆ ಚಿತ್ರಕಾರರನ್ನು ಕಾಡಿ ಬೇಡಿ ವಿಳಾಸ ಪಡೆದು, ಹೂವು ಹಿಡಿದು ಗಂಟಲಕ್ಕನ ಬಾಗಿಲಿಗೇ ಬಂದರು. ಅವಳು ಹಸಿ ಚಾದರ ಹಿಂಡುತ್ತಿದ್ದಳು.

"ಅಮ್ಮಾ, ಚಿತ್ರಕ್ಕೆ ಕೂತಿದ್ದೋರು ನಿಮ್ಮ ಮಗಳೇ ಇರಬೇಕು. ಒಂದ್ಸಲ ನೋಡಬಹುದಾ?"

'ನಾನೇ' ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಅವರ ಬಾಡಿದ ಮುಖ ನೋಡಿ, ಯಾರೂ ಹೇಳದಿದ್ದರೂ ತಾನಾಗಿಯೇ ಅದನ್ನು ನುಂಗಿಕೊಂಡಳು.

"ಅವಳಿಗೆ ಮದುವೆ ಆಯ್ತು ಸ್ವಾಮಿ. ದೂರದ ಊರಿಗೆ ಹೋದಳು."

ಅವರು ಹಿಡಿದಿದ್ದ ಹೂವನ್ನು ಕೆಳಗಿಳಿಸಿದರು. "ಗಂಡ ಒಳ್ಳೆಯವನಾ?"

ಅವಳು ಒಳಗೆ ಇಣುಕಿದಳು. ಬಾಗಿಲ ಮರೆಯಲ್ಲಿ ಗಂಡ ಹೊಟ್ಟೆ ಒಳಗೆಳೆದುಕೊಂಡು, ಉಸಿರು ಬಿಗಿಹಿಡಿದು ನಿಂತಿದ್ದ.

"ಪರವಾಗಿಲ್ಲ. ಗೊರಕೆ ಹೊಡೀತಾನೆ, ಅಷ್ಟೇ."

ಗಿರಣಿಯವರು ಮೊದಲ ಸಲ ನಕ್ಕರು. ಹೂವನ್ನು ಅವಳ ಕೈಗೇ ಕೊಟ್ಟು ಹೋದರು.

"ಗೊರಕೆ ವಿಷಯ ಹೇಳಲೇಬೇಕಿತ್ತಾ?" ಎಂದ ಗಂಡ.

"ಅವರಿಗೂ ಒಂಚೂರು ಸಮಾಧಾನ ಬೇಡ್ವೇನ್ರೀ?"

ಮರುವರ್ಷ ಚಿತ್ರಕಾರರು ಮತ್ತೆ ಹೇಳಿಕಳಿಸಿದರು. ಬಾಯಿ ಮುಚ್ಚಿ ಕೂರುವುದಕ್ಕಿಂತ ಊರಿನ ಬಟ್ಟೆಯೆಲ್ಲ ಒಗೆಯುವುದೇ ವಾಸಿ ಎಂದು ಅವಳು ಅತ್ತೆಯನ್ನು ಕಳಿಸಿದಳು. ಈ ಸಲ ಅವರಿಗೆ 'ಶಾಂತಿ' ಎಂಬ ಚಿತ್ರ ಬರೆಯಬೇಕೆಂದಿತ್ತಂತೆ. ಅತ್ತೆ ಒಳ್ಳೆಯ ಕುರ್ಚಿ ಆರಿಸಿ ಕೂತು, "ಮೊದಲು ಕಿಟಕಿ ಒರೆಸಿ" ಎಂದು ಚಿತ್ರಕಾರರಿಗೇ ಹೇಳಿದಳು. ಸಂಜೆಯ ಹೊತ್ತಿಗೆ ಒಂದು ಗೆರೆಯೂ ಮೂಡಿರಲಿಲ್ಲ. ಕೋಣೆ ಮಾತ್ರ ಥಳಥಳ ಹೊಳೆಯುತ್ತಿತ್ತು.