ಅಕ್ಕೋರು ಬರೆದ ಸೂಲಗಿತ್ತಿ

ಅಕ್ಕೋರು ತೀರಿಕೊಂಡದ್ದು ಕಳೆದ ಶ್ರಾವಣದ ಎರಡನೇ ಸೋಮವಾರ, ಮುಂಜಾನೆ. ತುಕ್ಕಾನಟ್ಟಿಯ ಅವರ ಮನೆಯ ಬಾಗಿಲು ಗಿಡ್ಡ, ಅಕ್ಕೋರು ಓಣಿಯ ಗಂಡಸರಿಗಿಂತ ಎತ್ತರ. ಇದ್ದಷ್ಟು ದಿನ ತಲೆ ಬಾಗಿಸಿ ದಾಟಿದ ಬಾಗಿಲಿನಿಂದ ಅವರನ್ನು ಹೊರತರಲು ಹೊತ್ತವರು ಎರಡು ಸಲ ತಿರುಗಬೇಕಾಯಿತು. ಹುಬ್ಬಿನ ಮೇಲೆ ಚೌಕಟ್ಟು ಬಡಿದ ಹಳೆಯ ಗುರುತು ಹಾಗೇ ಇತ್ತು.

ಮೂಡಲಗಿಯ ಹೈಸ್ಕೂಲಿನಲ್ಲಿ ನನಗೆ ಕನ್ನಡ ಕಲಿಸಿದವರು ಅವರು. ಸಂಜೆ ಮನೆಯಲ್ಲಿ ಪತ್ತೇದಾರಿ ಕಾದಂಬರಿ ಬರೆಯುತ್ತಿದ್ದರು. ಒಟ್ಟು ಐದು. ಒಂದು ಕಾಲಕ್ಕೆ ಗೋಕಾಕ, ಹುಕ್ಕೇರಿ ಬಸ್ ನಿಲ್ದಾಣದ ಅಂಗಡಿಗಳಲ್ಲಿ ಹಗ್ಗಕ್ಕೆ ತೂಗುಹಾಕಿ ಮಾರುತ್ತಿದ್ದರು. ಐದರಲ್ಲೂ ಕೊಲೆ ನಡೆಯುವುದು ಹಳ್ಳಿಯಲ್ಲಿ, ಪತ್ತೆ ಹಚ್ಚುವವಳು ಒಬ್ಬ ಸೂಲಗಿತ್ತಿ. ಅಕ್ಕೋರ ತಾಯಿ, ಊರಿಗೆಲ್ಲ ಆಯಿ, ತುಕ್ಕಾನಟ್ಟಿಯ ಸೂಲಗಿತ್ತಿ. ಅವರ ಮನೆತನದವರನ್ನು ಹೊಸ್ತಿಲಾಚೆ ನಿಲ್ಲಿಸುತ್ತಿದ್ದ ಮನೆಗಳೂ ಹೆರಿಗೆಯ ಹೊತ್ತಿಗೆ ಆಯಿಯನ್ನು ಹಿತ್ತಲ ಬಾಗಿಲಿನಿಂದ ಒಳಗೆ ಕರೆಯುತ್ತಿದ್ದವು.

"ಪೊಲೀಸರು ಮುಂದಿನ ಬಾಗಲದಿಂದ ಬರ್ತಾರ, ತಮ್ಮಾ. ಅದಕ್ಕ ಅವರಿಗೆ ಏನೂ ಸಿಗೂದಿಲ್ಲ," ಎನ್ನುತ್ತಿದ್ದರು ಅಕ್ಕೋರು.

ಶನಿವಾರದ ಕೊನೆಯ ಅವಧಿಯಲ್ಲಿ ಹಸ್ತಪ್ರತಿ ಓದಿ, ಕೊಲೆಗಾರ ಸಿಗುವ ಮೊದಲು ನಿಲ್ಲಿಸುತ್ತಿದ್ದರು. ನಾವು ಹೆಸರು ಕೂಗಿದರೆ ಗದರಿಕೆ: "ಕೊಂದಾವನ್ನ ಹುಡುಕಬ್ಯಾಡ್ರ್ಯೋ. ಸುಳ್ಳ ಹೇಳಾವ ಯಾವ, ಅದನ್ನ ಹುಡುಕ್ರಿ." ಮೊದಲ ಕಾದಂಬರಿಯಲ್ಲಿ ಊರ ದೊಡ್ಡಮನೆಯ, ಅಂದರೆ ವಾಡೆಯ, ಸೊಸೆ ಬಾವಿಯಲ್ಲಿ ಹೆಣವಾಗಿ ಸಿಗುತ್ತಾಳೆ. ಅಮಾವಾಸ್ಯೆಯ ಸಂಜೆ ನೀರಿಗೆ ಕಳಿಸಿದ್ದೆ, ಕಾಲು ಜಾರಿತು ಎನ್ನುತ್ತಾನೆ ಮಾವ. ಆಕೆ ಬಸುರಿ; ಅದು ಮಾವನಿಗೂ ಗೊತ್ತು, ಸೂಲಗಿತ್ತಿಗೂ ಗೊತ್ತು. ಬಸುರಿಯನ್ನು ಅಮಾವಾಸ್ಯೆಯ ಸಂಜೆ ಬಾವಿಗೆ ಕಳಿಸುವ ಮನೆ ನಮ್ಮ ಕಡೆ ಇಲ್ಲ. ಸುಳ್ಳು ಅಲ್ಲಿ ಸಿಕ್ಕಿತು, ಕೊಲೆಗಾರನೂ ಸಿಕ್ಕ.

ನಾನು ಗೋಕಾಕದಲ್ಲಿ ಪತ್ರಿಕೆಯೊಂದರ ವರದಿಗಾರನಾದೆ. ಹಳ್ಳಿಯ ಪತ್ತೇದಾರಿ ಕಥೆಗಳನ್ನು ಟಿ.ವಿ. ಧಾರಾವಾಹಿ ಮಾಡುತ್ತಿದ್ದ ಬೆಂಗಳೂರಿನ ತಂಡ ವಿಚಾರಿಸಿದಾಗ ಅಕ್ಕೋರ ಮನೆ ತೋರಿಸಿದವನು ನಾನು. ಆಯಿಯ ಫೋಟೊ ಹಾಕಿ, 'ತುಕ್ಕಾನಟ್ಟಿಯ ಸೂಲಗಿತ್ತಿ ಕಿರುತೆರೆಗೆ' ಎಂದು ಮೂರು ಕಾಲಂ ಬರೆದವನೂ ನಾನೇ.

ಮೊದಲ ಕಾದಂಬರಿಯ ಚಿತ್ರೀಕರಣ ನಡೆದದ್ದು ಬೆಲ್ಲದ ಬಾಗೇವಾಡಿಯ ಹಳೆಯ ವಾಡೆಯೊಂದರಲ್ಲಿ. ಅಕ್ಕೋರು ದಿನಾ ಬಸ್ಸಿನಲ್ಲಿ ಹೋಗಿ ಸೂಲಗಿತ್ತಿಯ ಪಾತ್ರದ ನಟಿಗೆ ಕೂಸನ್ನು ಕಾಲ ಮೇಲೆ ಮಲಗಿಸಿ ನೀರೆರೆಯುವುದನ್ನು ಕಲಿಸಿದರು, ಆಯಿಯ ಮಾತು ಕಲಿಸಿದರು. "'ಕುಡಿ ಮಗಳ, ಹಗೂರ ಆಗ್ತೈತಿ' ಅಂತ ಕಷಾಯ ಕೊಡುವಾಗ ನಮ್ಮವ್ವ ಆಕಿ ಮಾರಿ ನೋಡ್ತಾಳ, ಲೋಟ ನೋಡೂದಿಲ್ಲ," ಎಂದು ನಟಿಯನ್ನು ತಿದ್ದುತ್ತಿದ್ದುದನ್ನು ಕಂಡಿದ್ದೇನೆ. ಕೊನೆಯ ಕಂತಿನ ಕಥೆಯನ್ನು ಅವರಿಗೆ ಯಾರೂ ಹೇಳಲಿಲ್ಲ.

ಅದು ಪ್ರಸಾರವಾದ ಭಾನುವಾರ ಮುಂಜಾನೆ ನಾನೂ ಅವರ ಮನೆಯಲ್ಲಿದ್ದೆ. ಬುದ್ಧನ ಪಟದ ಕೆಳಗೆ ಟಿ.ವಿ., ಸುತ್ತ ಓಣಿಯ ಹೆಂಗಸರು, ಮುಂದೆ ಹೊಸ ಸೀರೆ ಉಟ್ಟ ಆಯಿ.

"ಆಯಿ, ಇವತ್ತ ನೀನ ಹೀರೋಯಿನ್ ನೋಡವ್ವಾ!" ಎಂದು ಒಬ್ಬಳು ಚೇಷ್ಟೆ ಮಾಡಿದಳು.

ಕಪ್ಪು ಕನ್ನಡಕದ ಪೊಲೀಸ್ ಅಧಿಕಾರಿ ವಾಡೆಗೆ ಬಂದ. ಸೊಸೆ ಸತ್ತದ್ದು ವಿಷದಿಂದ, ಬಾವಿಗೆ ಹಾಕಿದ್ದು ಆಮೇಲೆ ಎಂದ. ಸೂಲಗಿತ್ತಿಯ ಕೈಗೆ ಬೇಡಿ ಹಾಕಿದ. ಕೊಲೆ ಹೇಗಾಯಿತೆಂದು ತೋರಿಸುವ ದೃಶ್ಯದಲ್ಲಿ ನಟಿ ಸೊಸೆಯ ಮುಖ ನೋಡುತ್ತ ಲೋಟ ಚಾಚಿದಳು: "ಕುಡಿ ಮಗಳ, ಹಗೂರ ಆಗ್ತೈತಿ."

ಓದು ಬಾರದ ಆಯಿ ಮಗಳ ಕಡೆ ತಿರುಗಿದರು. "ನೀ ಹಿಂಗ ಬರದಿದ್ದೇನ?"

"ಇಲ್ಲಬೇ ಅವ್ವಾ."

"ಆ ಮಾತ ನಂದ ಐತಿ. ಆಕಿಗೆ ಯಾರ ಹೇಳಿದ್ರ?"

ಅಕ್ಕೋರು ಎದ್ದು ಟಿ.ವಿ. ಆರಿಸಿದರು. ಮರುದಿನ ನಿರ್ದೇಶಕರಿಗೆ ಫೋನ್ ಮಾಡಿದರು. ಅವರೇನೂ ಸಿಟ್ಟಾಗದೆ ಹೇಳಿದರು: "ವಾಡೆ ಕೊಟ್ಟೋರ ಷರತ್ತು ಮೇಡಂ, ಮನೆ ಯಜಮಾನನ್ನ ಕೊಲೆಗಾರ ಮಾಡೋ ಹಾಗಿಲ್ಲ. ಸೂಲಗಿತ್ತಿ ಆದ್ರೆ ಯಾರು ಕೇಳ್ತಾರೆ?"

ಆ ವಾರವೇ ಎದುರುಮನೆಯವನು, "ಆಯಿ, ನಮ್ಮ ಸೊಸಿಗೆ ಕಷಾಯ ಗಿಷಾಯ ಕೊಟ್ಟೀಯವ್ವಾ ಮತ್ತ!" ಎಂದು ನಕ್ಕ. ನಕ್ಕವನ ಮನೆಯಿಂದ ಮರುದಿನ ಕೂಸಿಗೆ ಎರೆಯಲು ಕರೆ ಬರಲಿಲ್ಲ. ಉಳಿದ ಮನೆಗಳಿಂದಲೂ ನಿಂತಿತು.

ಅಕ್ಕೋರು ನಮ್ಮ ಪತ್ರಿಕೆಗೆ ಪತ್ರ ಬರೆದರು. ಅದರಲ್ಲಿ ಎರಡು ಸಂಗತಿ ಇದ್ದವು. 'ಕಾದಂಬರಿಯಲ್ಲಿ ಕೊಂದವನು ಮಾವ.' 'ನನ್ನ ತಾಯಿಯ ಕೈಯಲ್ಲಿ ಒಬ್ಬ ಬಾಣಂತಿಯೂ ಸತ್ತಿಲ್ಲ.' ಎರಡನೆಯದಕ್ಕೆ ಆಧಾರವಿಲ್ಲವೆಂದು ನಾನು ಅದನ್ನು ತೆಗೆದೆ. ಉಳಿದದ್ದು 'ಧಾರಾವಾಹಿ: ಲೇಖಕಿ ಅಸಮಾಧಾನ' ಎಂದು ಒಳಪುಟದಲ್ಲಿ ಬಂತು.

ಅಂದೇ ಅವರು ಪತ್ರಿಕೆ ಹಿಡಿದು ಗೋಕಾಕದ ಕಚೇರಿಗೆ ಬಂದರು. ಕುರ್ಚಿ ಕೊಟ್ಟೆ, ಕೂರಲಿಲ್ಲ.

"ತಮ್ಮಾ, ನಮ್ಮವ್ವನ ಮಾತ ಎಲ್ಲಿ ಹೋತು?"

"ಅದಕ್ಕ ಪುರಾವೆ ಬೇಕಾಗ್ತಿತ್ರಿ, ಅಕ್ಕೋರ."

"ನೀ ಹುಟ್ಟಿದ್ದ ಯಾರ ಕೈಯಾಗ?"

"ಆಯಿ ಕೈಯಾಗ್ರಿ."

"ನಿಮ್ಮವ್ವ ಅದಾಳಿಲ್ಲೋ?"

"ಅದಾಳ್ರಿ."

"ಮತ್ತ ಇನ್ನೆಂಥಾ ಪುರಾವೆ ಬೇಕಾಗಿತ್ತ?"

ಪತ್ರಿಕೆಯನ್ನು ಮೇಜಿನ ಮೇಲಿಟ್ಟು ಹೊರಟುಹೋದರು. ಆಮೇಲೆ ಅವರು ನನ್ನೊಡನೆ ಮಾತಾಡಲಿಲ್ಲ, ಆರನೆಯ ಕಾದಂಬರಿಯನ್ನೂ ಬರೆಯಲಿಲ್ಲ.

ಧಾರಾವಾಹಿಯ ಮರುಪ್ರಸಾರ ಈಗ ನಡೆದಿದೆ. ಆಯಿ ಇದ್ದಾರೆ. ಅವರ ಓಣಿಯಲ್ಲಿ ಈ ತಿಂಗಳು ಹುಟ್ಟಿದ ಕೂಸಿಗೆ ಎರೆಯಲು ಮೂಡಲಗಿಯಿಂದ ಒಬ್ಬ ಹೆಂಗಸು ಬಸ್ಸಿನಲ್ಲಿ ಬಂದು ಹೋಗುತ್ತಾಳೆ.