ಏಳು ಒಂದುಗಳು ಮತ್ತು ನಮ್ಮ ಟೀಚರ್

ನಮ್ಮ ಗಣಿತದ ಟೀಚರ್ ಉಡುತ್ತಿದ್ದ ಸೀರೆಯಲ್ಲಿ, ಬಲಸೊಂಟದ ಹತ್ತಿರ, ಸೀಮೆಸುಣ್ಣದ ಬೆರಳಚ್ಚು ಯಾವಾಗಲೂ ಇರುತ್ತಿತ್ತು. ಪ್ರಶ್ನೆ ಕೇಳಿ ಸೊಂಟಕ್ಕೆ ಕೈಕೊಟ್ಟು ನಿಂತರೆಂದರೆ ಉತ್ತರ ಬರುವವರೆಗೆ ಕದಲುತ್ತಿರಲಿಲ್ಲ. ಪುತ್ತಿಗೆಯಿಂದ ಬಸ್ಸಿನಲ್ಲಿ ಶಿರ್ತಾಡಿಯ ನಮ್ಮ ಶಾಲೆಗೆ ಬರುತ್ತಿದ್ದರು. ದಾರಿಯುದ್ದಕ್ಕೂ ತುಳು, ಗಣಿತಕ್ಕೆ ಮಾತ್ರ ನಿಧಾನದ ಕನ್ನಡ. ಸರಿಯಾದ ಉತ್ತರ ಕೊಟ್ಟವರನ್ನೂ ‘ಯಾಕೆ?’ ಎಂದು ಕೇಳದೆ ಬಿಡುತ್ತಿರಲಿಲ್ಲ.

ಒಂಬತ್ತನೆಯ ತರಗತಿಯಲ್ಲಿದ್ದಾಗ ನನ್ನನ್ನು ಬೆಳ್ತಂಗಡಿಯ ಒಂದು ಗಣಿತ ಸ್ಪರ್ಧೆಗೆ ಕರೆದುಕೊಂಡು ಹೋದರು. ಕೊನೆಯ ಪ್ರಶ್ನೆ ನನ್ನ ಪಾಲಿಗೆ ಬಂತು: ಏಳು ಒಂದುಗಳನ್ನು ಸಾಲಾಗಿ ಬರೆದರೆ ಬರುವ 1111111 ಅವಿಭಾಜ್ಯವೇ? ಅಂದರೆ ಒಂದು ಮತ್ತು ತನ್ನನ್ನು ಬಿಟ್ಟು ಬೇರಾವುದರಿಂದಲೂ ಅದು ಭಾಗವಾಗುವುದಿಲ್ಲವೇ? ಅಲ್ಲ ಅಂದೆ. ತೀರ್ಪುಗಾರರು ಕೈಯಲ್ಲಿದ್ದ ಹಾಳೆ ನೋಡಿ, ತಪ್ಪು, ಅದು ಅವಿಭಾಜ್ಯ ಅಂದರು. ಮೊದಲ ಸ್ಥಾನ ಬೇರೆ ಶಾಲೆಗೆ ಹೋಯಿತು.

ಊಟದ ಬಿಡುವಿನಲ್ಲಿ ಟೀಚರ್ ನನ್ನನ್ನು ಜಗಲಿಗೆ ಕರೆದರು. ಯಾಕೆ ಅಲ್ಲ ಅಂದೆ ಎಂದು ಕೇಳಿದರು. ಹಾಗೆ ಅನಿಸಿತು ಅಂದೆ.

“ಅನಿಸಿದ್ರೆ ಸಾಲದು. ಭಾಗಿಸಿ ನೋಡುವ.”

“ನಿಮಗೆ ಗೊತ್ತುಂಟಾ ಟೀಚರ್?”

“ನನಗೂ ಗೊತ್ತಿಲ್ಲ.”

“ಅವರು ಹೇಳಿದ್ದೇ ಸರಿಯಾದ್ರೆ?”

“ಒಳಗೆ ಹೋಗಿ ತಪ್ಪು ನಮ್ಮದು ಅಂತ ಹೇಳುವ. ಈಗ ಬರಿ.”

ಚೀಲದಲ್ಲಿದ್ದ ಮೊಬೈಲನ್ನು ಅವರು ತೆಗೆಯಲಿಲ್ಲ. ಮೊಬೈಲ್ ಹೇಳಿದ್ದನ್ನು ತೋರಿಸಿದರೆ ಮೊಬೈಲನ್ನು ನಂಬುತ್ತಾರೆ, ನಿನ್ನನ್ನಲ್ಲ ಎಂದರು. ಏಳು, ಹನ್ನೊಂದು, ಹದಿಮೂರು, ಹೀಗೆ ಒಂದೊಂದೇ ಅವಿಭಾಜ್ಯದಿಂದ ಭಾಗಿಸುತ್ತ ಹೋದೆವು. ಪ್ರತಿ ಸಲವೂ ಶೇಷ ಉಳಿಯಿತು. ಒಳಗೆ ಊಟ ಮುಗಿದು ಮೈಕಿನ ಸದ್ದು ಕೇಳಿದಾಗ ನನಗೆ ಅಳು ಬಂತು. ಅವರು ತಲೆಯೆತ್ತದೆ ಮುಂದಿನದು ಹೇಳು ಅಂದರು. ಇನ್ನೂರ ಮೂವತ್ತೊಂಬತ್ತು ಅಂದೆ. ಶೇಷ ಸೊನ್ನೆ.

ಬಹುಮಾನ ಹಂಚುತ್ತಿದ್ದಾಗಲೇ ನನ್ನ ಕೈ ಹಿಡಿದು ವೇದಿಕೆ ಹತ್ತಿಸಿದರು. ಅಲ್ಲಿದ್ದ ಹಲಗೆಯ ಮೇಲೆ 239 × 4649 ಎಂದು ಬರೆದು ಗುಣಿಸಿದೆ. ಏಳು ಒಂದುಗಳು ಬಂದು ನಿಂತವು. ತೀರ್ಪುಗಾರರು ಅದನ್ನು ಓದಿ, ಫಲಿತಾಂಶ ಘೋಷಣೆಯಾಗಿದೆ, ಇನ್ನು ಬದಲಿಸಲಾಗದು, ಬೇಕಾದರೆ ಸಮಾಧಾನಕರ ಬಹುಮಾನ ಕೊಡೋಣ ಎಂದರು.

“ಫಲಿತಾಂಶ ನಿಮ್ಮದು, ನೀವೇ ಇಟ್ಟುಕೊಳ್ಳಿ. ಸಂಖ್ಯೆ ನಿಮ್ಮದಲ್ಲ ಸರ್.”

ಅಷ್ಟು ಹೇಳಿ ಟೀಚರ್ ನನ್ನನ್ನು ಕರೆದುಕೊಂಡು ಇಳಿದರು. ದೂರು ಶಾಲೆಗೂ ಬಂತು. ಕ್ಷಮೆ ಕೇಳಿ ಎಂದು ಹೆಡ್‌ಮಾಸ್ಟರ್ ಎರಡು ಸಲ ಹೇಳಿದರಂತೆ. ಟೀಚರ್ ಕ್ಷಮೆ ಕೇಳಲಿಲ್ಲ.

ಮುಂದೆ ನಾನು ಗಣಿತವನ್ನೇ ಓದಿ ಸಂಶೋಧನೆಗೆ ಸೇರಿದೆ. ಕಳೆದ ವರ್ಷ ಕಾಯಿಲೆ ಬಿದ್ದಿದ್ದ ಟೀಚರನ್ನು ನೋಡಲು ಪುತ್ತಿಗೆಗೆ ಹೋದಾಗ ನನ್ನ ಕೆಲಸದ ಬಗ್ಗೆ ಕೇಳಿದರು. ಹೇಳುತ್ತ ಹೋದೆ. ಒಂದು ಹೆಜ್ಜೆಯ ಬಳಿ ತಡೆದರು. ಅದು ನನ್ನ ಸಂಶೋಧನೆಯ ಮಾರ್ಗದರ್ಶಕರು ಹಿಂದೆಯೇ ಸಾಧಿಸಿ ತೋರಿಸಿದ್ದು ಎಂದೆ.

“ಅವರು ಮಾಡಿದ್ದಾರೆ, ಸರಿ. ನೀನು ನೋಡಿದ್ಯಾ?”

ನಾನು ನೋಡಿರಲಿಲ್ಲ. ಹೋಗಿ ನೋಡು ಎಂದು ಮಗ್ಗುಲು ಬದಲಿಸಿದರು. ನೋಡಿದೆ. ಒಂದು ಕಡೆ ತಪ್ಪಿತ್ತು. ಟೀಚರಿಗೆ ಹೇಳಬೇಕೆಂದು ಹೊರಟ ದಿನವೇ ಅವರು ತೀರಿಕೊಂಡ ಸುದ್ದಿ ಬಂತು.

ಅಂತ್ಯಕ್ರಿಯೆ ಮುಗಿಸಿ ಬಂದ ಮೇಲೆ ಮಾರ್ಗದರ್ಶಕರ ಕೋಣೆಯ ಬಾಗಿಲು ತಟ್ಟಿದೆ. ನೀವು ಸಾಧಿಸಿದ ಆ ಹೆಜ್ಜೆಯಲ್ಲಿ ತಪ್ಪುಂಟು ಸರ್, ತೋರಿಸುತ್ತೇನೆ ಅಂದೆ.