ಗ್ರಾಫಿಕ್ಸ್ ಕಾರ್ಡಿಗೆ ಕಟ್ಟಿದ ದೃಷ್ಟಿದಾರ

ಜಗಳೂರಿನಲ್ಲಿ ಹನ್ನೆರಡು ವರ್ಷಗಳಿಂದ ಮದುವೆ ವಿಡಿಯೋ ಎಡಿಟ್ ಮಾಡುತ್ತಿದ್ದ ದುರುಗೇಶನಿಗೆ, ಎದುರಂಗಡಿಯಲ್ಲಿ ಅದೇ ಕೆಲಸ ಮಾಡುವ ತಿಪ್ಪೇರುದ್ರಸ್ವಾಮಿ ತನ್ನ ಕಂಪ್ಯೂಟರಿಗೆ, ಎಡಿಟಿಂಗ್ ಬೇಗ ಮುಗಿಸಿಕೊಡುವ ಹೊಸ ಗ್ರಾಫಿಕ್ಸ್ ಕಾರ್ಡ್ ಹಾಕಿಸಿದಾಗಿನಿಂದ ಅನ್ನ ರುಚಿಸುತ್ತಿರಲಿಲ್ಲ. ನೋಡಲು ಹೋದವನಿಗೆ ಮೊದಲು ಕಂಡದ್ದು, ಮುಚ್ಚಳ ತೆಗೆದಿಟ್ಟ ಕಂಪ್ಯೂಟರಿನೊಳಗೆ ಕಾರ್ಡಿನ ಕರೆಂಟ್ ಪ್ಲಗ್ಗಿಗೆ ಸುತ್ತಿದ್ದ ಕಪ್ಪು ದೃಷ್ಟಿದಾರ. ದಾರ ಅಡ್ಡ ಬಂದು ಪ್ಲಗ್ ಪೂರ್ತಿ ಕೂತಿರಲಿಲ್ಲ. ಹಾಗೇ ಬಿಟ್ಟರೆ ಕಾದು ಕರಗುವ ಅಪಾಯವಿತ್ತು.

‘ಕರಗಲಿ’ ಎಂದಿತು ಹೊಟ್ಟೆಯುರಿ. ಅಂಗಡಿಯ ಮೆಟ್ಟಿಲಿಳಿದವನು ಮತ್ತೆ ಹತ್ತಿದ. ಅಷ್ಟು ಚಂದದ ಕಾರ್ಡು ಸುಡುವುದನ್ನು ಅವನಿಂದ ನೋಡಲಾಗದು.

“ಸ್ವಾಮಿ, ಮಿಷನ್ ಆಫ್ ಮಾಡ್ರಿ. ಆ ದಾರ ಬಿಚ್ರಿ, ಪ್ಲಗ್ ಸುಟ್ಟೋಗ್ತೈತೆ.”

“ಬಿಚ್ಚಾಕೆ ಆಗಲ್ಲಪ್ಪ. ನಿನ್ನ ಕಣ್ಣು ಬೀಳಬಾರ್ದು ಅಂತ್ಲೇ ಕಟ್ಟಿರೋದು!”

“ಅದು ಆವಾಗ್ಲೇ ಬಿದ್ದೈತೆ, ಬಿಚ್ರಿ.”

ದಾರ ಬಿಚ್ಚಿಸಿ, ಟಕ್ಕೆನ್ನುವವರೆಗೆ ಪ್ಲಗ್ ಒತ್ತಿ, ದುರುಗೇಶ ಊಟಕ್ಕೆ ಮನೆಗೆ ಬಂದ. ಆ ಕಾರ್ಡು ಇನ್ನು ಹತ್ತು ವರ್ಷ ಬಾಳುತ್ತದಲ್ಲ ಎಂದು ಅವತ್ತೂ ಅನ್ನ ರುಚಿಸಲಿಲ್ಲ.